ಮೈಲುತುತ್ತದ ತಾಮ್ರ ಎಲ್ಲಿಗೆ ಹೋಗುತ್ತದೆ?

(ಕೃಷಿಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಭಾರಲೋಹಗಳಿಂದ ಕೆಟ್ಟ ಭೂಮಿ ಎಂದೊಡನೆ ಮನಸ್ಸಿಗೆ ಬರುವುದು ಗಣಿಯ ಮಣ್ಣಿನ ಗುಡ್ಡೆ, ಕಾರ್ಖಾನೆಯ ಹಿತ್ತಿಲು, ನಗರದ ಕೊಳಚೆ ಹರಿಯುವ ಹೊಲ. ಮಳೆ ಮತ್ತು ಹಸಿರು ತುಂಬಿದ ಮಲೆನಾಡಿನ ಅಡಿಕೆ ತೋಟವನ್ನು ಆ ಸಾಲಿನಲ್ಲಿ ಯಾರೂ ಎಣಿಸುವುದಿಲ್ಲ. ಆದರೆ ಪ್ರತಿ ವರ್ಷವೂ ಮುಂಗಾರಿನ ಹೊತ್ತಿಗೆ ಇದೇ ತೋಟಗಳಿಗೆ ಒಂದು ಭಾರಲೋಹವನ್ನು ಕಿಲೋಗಟ್ಟಲೆ ಕೊಂಡು ತಂದು, ಸುಣ್ಣದೊಂದಿಗೆ ಬೆರೆಸಿ, ಮರದ ತುದಿಗೆ ಸಿಂಪಡಿಸಲಾಗುತ್ತದೆ. ಆ ಲೋಹ ತಾಮ್ರ. ಮೈಲುತುತ್ತದ ನೀಲಿ ಹರಳಿನೊಳಗೆ ಇರುವುದು ಅದೇ. ಕೊನೆಗೆ ಅಂಟಿ ಬೆಳೆಯನ್ನು ಉಳಿಸಿದ ಆ ತಾಮ್ರ ಆಮೇಲೆ ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರನ್ನು ಸಂಧಿಸುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ.

ಬೋರ್ಡೋ ಬಂದ ದಾರಿ

ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದ್ರಾಕ್ಷಿ ಬೆಳೆಗಾರರು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಎರಚುತ್ತಿದ್ದರು. ಹಾದುಹೋಗುವವರು ಹಣ್ಣು ಕದಿಯದಿರಲಿ ಎಂಬುದಷ್ಟೇ ಅವರ ಉದ್ದೇಶವಾಗಿತ್ತು. ಹೀಗೆ ಎರಚಿದ ಬಳ್ಳಿಗಳಿಗೆ ಬೂಜು ರೋಗ ತಗಲಿಲ್ಲವೆಂಬುದನ್ನು ಸಸ್ಯವಿಜ್ಞಾನಿ ಮಿಲಾರ್ಡೆ 1882ರಲ್ಲಿ ಗಮನಿಸಿದರು. 1885ರಲ್ಲಿ ಅದರ ಪಾಕವನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಹೊರತಂದರು. ಆ ಕಾಲದಿಂದ ಬೋರ್ಡೋ ದ್ರಾವಣ ಮಲೆನಾಡಿನ ಮನೆಮಾತಾಯಿತು.

ಅದಕ್ಕೆ ಮೊದಲು ಇಲ್ಲಿಯ ತೋಟಿಗರು ಕರಡದ ಹುಲ್ಲಿನಿಂದ ಕೊಟ್ಟೆ ಹೆಣೆದು ಕೊನೆಗೆ ಕಟ್ಟುತ್ತಿದ್ದರು. ಮಳೆನೀರು ಕಾಯಿಗೆ ತಾಗದಂತೆ ತಡೆಯುವ ಉಪಾಯ ಅದು. ಕೊಳೆ ತರುವ ಫೈಟಾಫ್ತೊರ ಎಂಬ ಜೀವಿಯ ಬೀಜಾಣುಗಳು ಈಜಿ ಹರಡಬೇಕಾದರೆ ನೀರು ಬೇಕು. ಹುಲ್ಲಿನ ಕೊಟ್ಟೆ ನೀರನ್ನು ದೂರವಿಟ್ಟು ರೋಗವನ್ನು ತಡೆಯುತ್ತಿತ್ತು. ತಾಮ್ರ ಬೀಜಾಣುವನ್ನೇ ಕೊಂದು ತಡೆಯಿತು. ಎರಡನೆಯದು ಬೇಗ ಮುಗಿಯುವ ಕೆಲಸ, ಹೆಚ್ಚು ಮರಗಳಿಗೆ ಒದಗುವ ಕೆಲಸ. ನೂರು ವರ್ಷಗಳಲ್ಲಿ ಅದು ಉಳಿಸಿದ ಫಸಲು, ತೀರಿಸಿದ ಸಾಲ, ಓದಿಸಿದ ಮಕ್ಕಳು ಎಲ್ಲವನ್ನೂ ನೆನೆಯದೆ ಅದನ್ನು ಹಳಿಯುವುದು ನ್ಯಾಯವಲ್ಲ. ಕೊಳೆ ಬಿದ್ದ ವರ್ಷ ತೋಟದಲ್ಲಿ ಉದುರಿದ ಹಸಿರು ಕಾಯಿಯನ್ನು ಆರಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಒಂದು ಸರಳ ಲೆಕ್ಕ

ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಒಂದು ಕಿಲೋ ಮೈಲುತುತ್ತದಲ್ಲಿ ತಾಮ್ರ ಸುಮಾರು 250 ಗ್ರಾಂ. ಎಕರೆಗೆ ಒಂದು ಸುತ್ತಿಗೆ 300 ಲೀಟರ್ ದ್ರಾವಣ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಆ ಸುತ್ತಿನಲ್ಲಿ ಸಿಂಪಡಿಸಿದ ತಾಮ್ರ ಮುಕ್ಕಾಲು ಕಿಲೋ. ವರ್ಷಕ್ಕೆ ಎರಡು ಸುತ್ತಾದರೆ ಒಂದೂವರೆ ಕಿಲೋ. ಐವತ್ತು ವರ್ಷಗಳಲ್ಲಿ 75 ಕಿಲೋ.

ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು ಒಂಬತ್ತು ಲಕ್ಷ ಕಿಲೋ. ಸಿಂಪಡಿಸಿದ ತಾಮ್ರವೆಲ್ಲ ಅದರಲ್ಲೇ ನಿಂತರೆ ಪ್ರತಿ ಕಿಲೋ ಮಣ್ಣಿಗೆ 80 ಮಿಲಿಗ್ರಾಂಗಿಂತ ಹೆಚ್ಚು ತಾಮ್ರ ಹೊಸದಾಗಿ ಸೇರಿದಂತಾಯಿತು. ಇದು ಕಾಗದದ ಮೇಲಿನ ಲೆಕ್ಕವೇ ಹೊರತು ಮಣ್ಣಿನ ಅಳತೆಯಲ್ಲ. ಸ್ವಲ್ಪ ಭಾಗ ಫಸಲಿನೊಂದಿಗೆ ಹೊರಹೋಗುತ್ತದೆ. ಸ್ವಲ್ಪ ಭಾಗ ಮಳೆಯ ನೀರಿನಲ್ಲಿ, ಕೊಚ್ಚಿದ ಮಣ್ಣಿನೊಂದಿಗೆ ಬಸಿಗಾಲುವೆ ಹಿಡಿದು ಹಳ್ಳ ಸೇರುತ್ತದೆ. ಆದರೂ ಇದರ ಪ್ರಮಾಣವನ್ನು ಅರಿಯಲು ಒಂದು ಹೋಲಿಕೆ ಉಂಟು. ಯುರೋಪಿನ ಮಣ್ಣುಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಎಲ್ಲ ಬಗೆಯ ನೆಲಗಳ ಸರಾಸರಿ ತಾಮ್ರ ಕಿಲೋ ಮಣ್ಣಿಗೆ ಸುಮಾರು 17 ಮಿಲಿಗ್ರಾಂ. ತಲೆಮಾರುಗಳಿಂದ ಬೋರ್ಡೋ ಕಂಡ ದ್ರಾಕ್ಷಿ ತೋಟಗಳಲ್ಲಿ ಅದು ಸುಮಾರು 49. ಈ ಕಾರಣದಿಂದಲೇ ಯುರೋಪಿನ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರವನ್ನು ಮೀರಬಾರದೆಂದು ಮಿತಿ ಹಾಕಿದೆ. ಎಕರೆಗೆ ಹೇಳುವುದಾದರೆ ವರ್ಷಕ್ಕೆ ಸರಾಸರಿ 1.6 ಕಿಲೋ. ಮೇಲಿನ ಲೆಕ್ಕದ ತೋಟ ಎರಡು ಸುತ್ತಿನಲ್ಲಿ ಆ ಅಂಚಿಗೆ ಬಂದು ನಿಲ್ಲುತ್ತದೆ. ಮಳೆ ಬಿಡದ ವರ್ಷ ಮೂರನೆಯ ಸುತ್ತು ಹೊಡೆದರೆ ದಾಟುತ್ತದೆ. ಕಾಳುಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ, ಅದರ ಬುಡಕ್ಕೆ ಎರೆಯುವ ಕಾಪರ್ ಆಕ್ಸಿಕ್ಲೋರೈಡ್ ಬೇರೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ ಹಬ್ಬಿದ ಊರುಗಳಲ್ಲಿ ಸಿಂಪರಣೆಯ ಸುತ್ತುಗಳೂ ಹೆಚ್ಚಿವೆ.

ಕೊಳೆಯದ ವಸ್ತು

ತೋಟಕ್ಕೆ ಬೀಳುವ ಬೇರೆ ಅನೇಕ ವಸ್ತುಗಳಿಗೆ ಒಂದು ಕೊನೆಯಿದೆ. ಸೊಪ್ಪು ಕೊಳೆತು ಗೊಬ್ಬರವಾಗುತ್ತದೆ. ಅನೇಕ ಕೀಟನಾಶಕಗಳೂ ಕೆಲವು ವಾರಗಳಲ್ಲೋ ವರ್ಷಗಳಲ್ಲೋ ಒಡೆದು ಬೇರೆ ವಸ್ತುಗಳಾಗುತ್ತವೆ. ತಾಮ್ರ ಒಂದು ಮೂಲಧಾತು. ಅದನ್ನು ಬಿಸಿಲು ಒಡೆಯಲಾರದು, ಬೆಂಕಿ ಸುಡಲಾರದು, ಯಾವ ಸೂಕ್ಷ್ಮಜೀವಿಯೂ ತಿಂದು ತೀರಿಸಲಾರದು. ಅಜ್ಜ ಹೊಡೆದ ತಾಮ್ರದ ಬಹುಭಾಗ ಮೊಮ್ಮಗಳ ಕಾಲಕ್ಕೂ ಅದೇ ಮಣ್ಣಿನಲ್ಲಿರುತ್ತದೆ.

ಆದರೆ ಇರುವ ತಾಮ್ರವೆಲ್ಲ ಒಂದೇ ಸ್ಥಿತಿಯಲ್ಲಿರುವುದಿಲ್ಲ. ಮಣ್ಣಿನ ಸಾವಯವ ಅಂಶ ತಾಮ್ರವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಜೇಡಿಯೂ ಕಬ್ಬಿಣದ ಆಕ್ಸೈಡುಗಳೂ ಒಂದಿಷ್ಟನ್ನು ಹಿಡಿಯುತ್ತವೆ. ಮಣ್ಣುನೀರಿನಲ್ಲಿ ಬಿಡಿಯಾಗಿ ಅಲೆಯುವ ತಾಮ್ರದ ಅಯಾನುಗಳು ಒಟ್ಟಿನಲ್ಲಿ ಅಲ್ಪ ಭಾಗ. ಜೀವಿಗಳಿಗೆ ಪೆಟ್ಟು ಕೊಡುವುದು ಮುಖ್ಯವಾಗಿ ಈ ಬಿಡಿ ತಾಮ್ರ. ಮಣ್ಣು ಹುಳಿಯಾದಷ್ಟೂ, ಎಂದರೆ ರಸಸಾರ ಇಳಿದಷ್ಟೂ, ಹಿಡಿತ ಸಡಿಲವಾಗಿ ಬಿಡಿ ತಾಮ್ರ ಹೆಚ್ಚುತ್ತದೆ. ಹೆಚ್ಚು ಮಳೆಯಿಂದ ಸುಣ್ಣದಂಶ ತೊಳೆದುಹೋದ ಮಲೆನಾಡಿನ ಮಣ್ಣು ಸ್ವಭಾವತಃ ಹುಳಿ. ಆದ್ದರಿಂದ ಸುಣ್ಣದಂಶ ತುಂಬಿದ ಬಯಲಿನ ಮಣ್ಣಿನಲ್ಲಿ ಅಪಾಯ ತಾರದ ಪ್ರಮಾಣದ ತಾಮ್ರ ಇಲ್ಲಿ ಅಪಾಯ ತರಬಹುದು. ಗಿಡಕ್ಕೆ ತಾಮ್ರ ಬೇಕು ಎಂಬುದೂ ನಿಜ. ಆದರೆ ಬೇಕಾದದ್ದು ಬಹು ಸ್ವಲ್ಪ. ಬೇಕು ಮತ್ತು ಸಾಕು ಎಂಬುದರ ನಡುವಿನ ಅಂತರ ಕಿರಿದು.

ಮೊದಲು ಸೋಲುವವರು

ತಾಮ್ರ ಹೆಚ್ಚಾದ ನೆಲದಲ್ಲಿ ಮೊದಲು ಬಾಡುವುದು ಗಿಡವಲ್ಲ. ಗಿಡ ಹಸಿರಾಗಿರುವಾಗಲೇ ಮಣ್ಣಿನೊಳಗಿನ ಜೀವಗಳು ಸೋಲತೊಡಗುತ್ತವೆ. ಇದಕ್ಕೆ ಎರಡು ಪ್ರಸಿದ್ಧ ನಿದರ್ಶನಗಳಿವೆ.

ಮೊದಲನೆಯದು ಇಂಗ್ಲೆಂಡಿನ ವಿಸ್ಬೀಚ್ ಪ್ರದೇಶದ ಸೇಬಿನ ತೋಟಗಳದು. ಹಲವು ದಶಕ ಬೋರ್ಡೋ ಕಂಡಿದ್ದ ಆ ತೋಟಗಳ ಮಣ್ಣನ್ನು ಪರೀಕ್ಷಿಸಿದ ವಿಜ್ಞಾನಿಗಳು 1961ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ತಾಮ್ರ ಮೇಲ್ಮಣ್ಣಿನಲ್ಲಿ ಶೇಖರವಾಗಿತ್ತು. ಎರೆಹುಳುಗಳು ಮಾಯವಾಗಿದ್ದವು. ಉದುರಿದ ಎಲೆಗಳು ಮಣ್ಣಿಗೆ ಇಳಿಯದೆ, ಕೊಳೆಯದೆ, ಚಾಪೆಯಂತೆ ಮೇಲೆಯೇ ಕುಳಿತಿದ್ದವು. ಮರಗಳೇನೋ ನಿಂತಿದ್ದವು, ಎಲೆಯನ್ನು ಮಣ್ಣಾಗಿಸುವ ಕೆಲಸ ಮಾತ್ರ ನಿಂತುಹೋಗಿತ್ತು.

ಎರಡನೆಯದು ಅದೇ ದೇಶದ ವೋಬರ್ನ್ ಪ್ರಯೋಗ ಕ್ಷೇತ್ರದ್ದು. ಅಲ್ಲಿ 1942ರಿಂದ 1961ರವರೆಗೆ ಕೆಲವು ಪಟ್ಟಿಗಳಿಗೆ ನಗರದ ಚರಂಡಿ ಕೆಸರನ್ನು ಗೊಬ್ಬರವಾಗಿ ಹಾಕಲಾಗಿತ್ತು. ಆ ಕೆಸರಿನಲ್ಲಿ ಸತು, ತಾಮ್ರ, ಕ್ಯಾಡ್ಮಿಯಂ ಮುಂತಾದ ಲೋಹಗಳಿದ್ದವು. ಕೆಸರು ಹಾಕುವುದನ್ನು ನಿಲ್ಲಿಸಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಳೆದ ಮೇಲೆ ಅಲ್ಲಿ ಬಿಳಿ ಕ್ಲೋವರ್ ಎಂಬ ದ್ವಿದಳ ಮೇವನ್ನು ಬೆಳೆಸಿದಾಗ ಅದು ಸೊರಗಿತು. ಬೇರಿನಲ್ಲಿ ಗಂಟುಗಳಿದ್ದವು, ಆದರೆ ಅವು ಚಿಕ್ಕವು, ಬಿಳಿಚಿಕೊಂಡವು. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ರೈಜೋಬಿಯಂ ತಳಿಗಳು ಲೋಹದ ಮಣ್ಣಿನಲ್ಲಿ ಅಳಿದುಹೋಗಿ, ಗಂಟು ಕಟ್ಟಿಯೂ ಸಾರಜನಕ ಕೊಡಲಾರದ ತಳಿ ಮಾತ್ರ ಬದುಕುಳಿದಿತ್ತು. ಗಿಡಕ್ಕೆ ಲೋಹ ನೇರವಾಗಿ ವಿಷವಾಗುವ ಮೊದಲೇ ಗಿಡದ ಅನ್ನದಾತ ಇಲ್ಲವಾಗಿದ್ದ. ಗೊಬ್ಬರ ಕೊಟ್ಟು ಬೆಳೆ ತೆಗೆಯುವವರ ಕಣ್ಣಿಗೆ ಇಂತಹ ನಷ್ಟ ಬೀಳುವುದೇ ಇಲ್ಲ. ಗೊಬ್ಬರದ ಖರ್ಚು ಏರುತ್ತಿದೆ ಎಂದಷ್ಟೇ ತೋರುತ್ತದೆ.

ಅಡಿಕೆ, ಏಲಕ್ಕಿ, ಕಾಳುಮೆಣಸು, ಕಾಫಿ ಈ ಎಲ್ಲ ಬೆಳೆಗಳ ಬೇರಿನೊಳಗೆ ಮೈಕೊರೈಜಾ ಎಂಬ ಶಿಲೀಂಧ್ರ ನೆಲೆಸುತ್ತದೆ. ಅದರ ಎಳೆಗಳು ಬೇರು ಮುಟ್ಟಲಾರದ ಕಡೆಗೂ ಚಾಚಿ ರಂಜಕವನ್ನು ತಂದುಕೊಡುತ್ತವೆ. ಹುಳಿ ಮಣ್ಣಿನಲ್ಲಿ ರಂಜಕ ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ಅಂಟಿಕೊಂಡು ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಮಲೆನಾಡಿನಲ್ಲಿ ಈ ನಂಟಿಗೆ ವಿಶೇಷ ಬೆಲೆ. ತಾಮ್ರ ಮಿತಿ ಮೀರಿದಾಗ ಈ ಶಿಲೀಂಧ್ರವೂ ಬೇರಿಗೆ ಸರಿಯಾಗಿ ಹೊಂದುವುದಿಲ್ಲ.

ಹಳೆಯ ಅಡಿಕೆ ಮರದ ಬೇರು ಆಳಕ್ಕೂ ಇಳಿದಿರುವುದರಿಂದ ಮೇಲ್ಪದರದ ತಾಮ್ರವನ್ನು ಅದು ಹೇಗೋ ತಾಳಿಕೊಂಡೀತು. ಆದರೆ ಹಳೆಯ ಮರ ಕಡಿದು ಅದರ ಜಾಗದಲ್ಲಿ ನೆಡುವ ಎಳೆಯ ಅಡಿಕೆ ಸಸಿ, ಏಲಕ್ಕಿ ಹಿಂಡು, ತರಕಾರಿ ಗಿಡ ಬೇರು ಬಿಡುವುದು ತಾಮ್ರ ಕುಳಿತ ಆ ಮೇಲ್ಪದರದಲ್ಲೇ. ತಾಮ್ರ ಹೆಚ್ಚಾದಾಗ ಬೇರು ಗಿಡ್ಡವಾಗಿ, ದಪ್ಪವಾಗಿ, ಕವಲೊಡೆಯದೆ ನಿಲ್ಲುತ್ತದೆ; ಕಬ್ಬಿಣದ ಕೊರತೆಯಂತೆ ಎಳೆ ಎಲೆ ಹಳದಿಯಾಗುತ್ತದೆ. ಹಾಗೆಂದು ತೋಟದ ಪ್ರತಿಯೊಂದು ಹಳದಿ ಎಲೆಗೂ ತಾಮ್ರವನ್ನು ಹೊಣೆ ಮಾಡುವುದು ತಪ್ಪು. ಅಡಿಕೆಯ ಹಳದಿ ಎಲೆ ರೋಗಕ್ಕೆ ಕಾರಣ ಫೈಟೊಪ್ಲಾಸ್ಮಾ ಎಂಬ ಬೇರೆಯೇ ಜೀವಿ. ಪರೀಕ್ಷೆಯಿಲ್ಲದೆ ತೀರ್ಪು ಸಲ್ಲದು.

ನೆರವಿಗೆ ನಿಲ್ಲುವವರು

ಸೋಲುವ ಈ ಜೀವಗಳ ನಡುವೆಯೇ ತಾಳುವವುಗಳೂ ಇವೆ. ಕೆಲವು ಬ್ಯಾಕ್ಟೀರಿಯಾಗಳು ಒಳಹೊಕ್ಕ ತಾಮ್ರವನ್ನು ಪಂಪಿನಂತೆ ಹೊರಕ್ಕೆ ತಳ್ಳುತ್ತವೆ. ಕೆಲವು ತಮ್ಮ ಸುತ್ತ ಲೋಳೆಯನ್ನು ಸ್ರವಿಸಿ ಲೋಹವನ್ನು ಅದರಲ್ಲೇ ಕಟ್ಟಿಹಾಕುತ್ತವೆ. ಮೈಕೊರೈಜಾದ ತಾಳಿಕೆಯುಳ್ಳ ತಳಿಗಳು ತಮ್ಮ ಎಳೆಗಳಲ್ಲಿ ಲೋಹವನ್ನು ಹಿಡಿದಿಟ್ಟು ಗಿಡದ ಮೇಲ್ಭಾಗಕ್ಕೆ ಏರದಂತೆ ಮಾಡಬಲ್ಲವು. ತಮ್ಮ ರಕ್ಷಣೆಗಾಗಿ ಅವು ಮಾಡುವ ಈ ಕೆಲಸ ಪಕ್ಕದ ಬೇರಿಗೂ ರಕ್ಷಣೆಯಾಗುತ್ತದೆ.

ಇನ್ನೊಂದು ಬಗೆಯ ನೆರವು ಸ್ವಾರಸ್ಯಕರವಾದದ್ದು. ಲೋಹದ ಬಾಧೆಗೆ ಸಿಕ್ಕ ಗಿಡ ಎಥಿಲೀನ್ ಎಂಬ ಅನಿಲವನ್ನು ಹೆಚ್ಚಾಗಿ ಉತ್ಪಾದಿಸುತ್ತದೆ. ಹಣ್ಣು ಮಾಗಿಸುವ ಅನಿಲ ಅದೇ. ಬೇರಿನಲ್ಲಿ ಅದು ಮಿತಿ ಮೀರಿದರೆ ಬೇರಿನ ಬೆಳವಣಿಗೆ ನಿಲ್ಲುತ್ತದೆ. ಬೇರಿನ ಸುತ್ತ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಎಥಿಲೀನ್ ಆಗಬೇಕಾದ ಕಚ್ಚಾವಸ್ತುವನ್ನೇ ಹೀರಿ ಒಡೆದು ತಮ್ಮ ಆಹಾರ ಮಾಡಿಕೊಳ್ಳುತ್ತವೆ. ಅನಿಲ ತಗ್ಗಿ ಬೇರು ಮತ್ತೆ ಬೆಳೆಯುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಬರ್ನಾರ್ಡ್ ಗ್ಲಿಕ್ ಮತ್ತು ಸಂಗಡಿಗರು ನಿಕ್ಕಲ್‌ನಿಂದ ಕೆಟ್ಟ ಮಣ್ಣಿನಿಂದ ಇಂತಹ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಸಾಸಿವೆಯ ಬಳಗದ ಕನೋಲ ಬೀಜಕ್ಕೆ ಲೇಪಿಸಿ, ನಿಕ್ಕಲ್ ಇರುವಲ್ಲಿ ಬೆಳೆಸಿ ನೋಡಿದರು. 1998ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ಬ್ಯಾಕ್ಟೀರಿಯಾ ಪಡೆದ ಗಿಡಗಳು ಚೆನ್ನಾಗಿ ಬೆಳೆದವು. ಆದರೆ ಗಿಡದೊಳಗಿನ ನಿಕ್ಕಲ್‌ನ ಸಾಂದ್ರತೆ ಕಡಿಮೆಯಾಗಲಿಲ್ಲ.

ಈ ಕೊನೆಯ ಮಾತನ್ನು ತೋಟಿಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಸೂಕ್ಷ್ಮಜೀವಿ ಗಿಡಕ್ಕೆ ತಾಳುವ ಶಕ್ತಿ ಕೊಡುತ್ತದೆ; ಲೋಹವನ್ನು ಇಲ್ಲವಾಗಿಸುವುದಿಲ್ಲ. ಮಣ್ಣಿನ ವಿಷವನ್ನೆಲ್ಲ ತಿಂದುಹಾಕುವ ಜೀವಾಣು ಎಂದು ಹೊಗಳಿ ಯಾರಾದರೂ ಸೀಸೆ ಮಾರಲು ಬಂದರೆ, ತಿಂದ ತಾಮ್ರ ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕು ಕೊಳ್ಳುವವನಿಗಿದೆ. ಲೋಹವನ್ನು ಹೀರಿ ತೆಗೆಯುವ ಸಸ್ಯಗಳ ಮಾತೂ ಹೀಗೆಯೇ. ಮಲೆನಾಡಿನ ಹಳೆಯ ಕಲ್ಲುಗೋಡೆಗಳ ಮೇಲೂ ಬೆಳೆಯುವ ಟೆರಿಸ್ ವಿಟ್ಟಾಟ ಎಂಬ ಜರಿಗಿಡ ಮಣ್ಣಿನ ಆರ್ಸೆನಿಕ್ಕನ್ನು ಅಪಾರವಾಗಿ ಹೀರುತ್ತದೆಂದು ಅಮೆರಿಕದ ಫ್ಲಾರಿಡಾದ ಸಂಶೋಧಕರು 2001ರಲ್ಲಿ ತೋರಿಸಿದರು. ಆದರೆ ಅದು ಆರ್ಸೆನಿಕ್ಕಿನ ಕಥೆ. ಅಡಿಕೆ ತೋಟದ ತಾಮ್ರವನ್ನು ಅಷ್ಟು ಸುಲಭವಾಗಿ ಎಳೆದುಕೊಡುವ ಗಿಡ ರೈತರ ಕೈಗೆ ಇನ್ನೂ ಬಂದಿಲ್ಲ. ಬಿದ್ದ ತಾಮ್ರವನ್ನು ತೆಗೆಯುವ ದಾರಿ ಕಾಣದಿರುವಾಗ ಬೀಳುವುದನ್ನು ಕಡಿಮೆ ಮಾಡುವುದು, ಬಿದ್ದದ್ದನ್ನು ಹಿಡಿದಿಡುವ ಜೀವಮಣ್ಣನ್ನು ಪೋಷಿಸುವುದು ಎಂಬ ಎರಡೇ ದಾರಿಗಳು ಉಳಿಯುತ್ತವೆ.

ತೋಟದಲ್ಲಿ ಮಾಡಬಹುದಾದದ್ದು

ಬೋರ್ಡೋವನ್ನು ಒಮ್ಮೆಲೇ ಬಿಟ್ಟುಬಿಡಿ ಎಂದು ಬೋಧಿಸುವುದು ಸುಲಭ. ಕೊಳೆ ಬಂದಾಗ ಆ ಬೋಧನೆಯ ಬೆಲೆ ತೆರುವವನು ತೋಟಿಗ. ಆದ್ದರಿಂದ ಸಾಧ್ಯವಾದಷ್ಟನ್ನೇ ಹೇಳುವುದು ಯುಕ್ತ.

ಮೊದಲನೆಯದು ಲೆಕ್ಕ. ಪ್ರತಿ ವರ್ಷ ಕೊಂಡ ಮೈಲುತುತ್ತ ಎಷ್ಟು, ಯಾವ ತೋಟಕ್ಕೆ ಎಷ್ಟು ಸುತ್ತು ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅದನ್ನು ನಾಲ್ಕರಿಂದ ಭಾಗಿಸಿದರೆ ತಾಮ್ರದ ತೂಕ ಸಿಗುತ್ತದೆ.

ಎರಡನೆಯದು ಪರೀಕ್ಷೆ. ಮಣ್ಣು ಪರೀಕ್ಷೆಗೆ ಕೊಡುವಾಗ ಲಘುಪೋಷಕಾಂಶಗಳ ಜೊತೆ ತಾಮ್ರವನ್ನೂ ರಸಸಾರವನ್ನೂ ನೋಡುವಂತೆ ಕೇಳಬೇಕು. ಮರದ ಬುಡದ ಮಣ್ಣು ಒಂದು, ಸಾಲಿನ ನಡುವಿನದು ಒಂದು, ಎಂದೂ ಔಷಧಿ ಕಾಣದ ಸೊಪ್ಪಿನ ಬೆಟ್ಟದ್ದು ಇನ್ನೊಂದು ಹೀಗೆ ಮೂರು ಮಾದರಿಗಳನ್ನು ಕೊಟ್ಟರೆ ಹೋಲಿಸಲು ಆಧಾರ ದೊರೆಯುತ್ತದೆ.

ಮೂರನೆಯದು ಮಿತವ್ಯಯ. ದ್ರಾವಣ ಶೇಕಡಾ ಒಂದನ್ನು ಮೀರಬೇಕಾಗಿಲ್ಲ. ಗಾಢವಾದಷ್ಟೂ ರೋಗ ಹೆಚ್ಚು ದೂರ ಎಂಬ ನಂಬಿಕೆ ಮಣ್ಣಿಗೆ ಹೊರೆ. ಮೊದಲ ಸಿಂಪರಣೆ ಮಳೆ ಬಲಿಯುವ ಮೊದಲೇ, ಕೊನೆಗೆ ಸರಿಯಾಗಿ ತಗಲುವಂತೆ ಆದರೆ ಮುಂದಿನ ಸುತ್ತುಗಳ ಗಡಿಬಿಡಿ ತಗ್ಗುತ್ತದೆ. ಕೊಳೆತು ಉದುರಿದ ಕಾಯಿಗಳನ್ನು, ರೋಗ ಹಿಡಿದ ಕೊನೆಗಳನ್ನು ತೋಟದಿಂದ ಹೊರಗೆ ಸಾಗಿಸಿ ಸುಟ್ಟರೆ ರೋಗದ ಬೀಜವೇ ಕಡಿಮೆಯಾಗುತ್ತದೆ. ಕೆಲವು ಮರಗಳಿಗಾದರೂ ಕೊಟ್ಟೆ ಕಟ್ಟುವುದು ಸಾಧ್ಯವಿದ್ದಲ್ಲಿ ಅದು ಅಷ್ಟು ತಾಮ್ರದ ಉಳಿತಾಯ.

ನಾಲ್ಕನೆಯದು ಉಳಿದ ದ್ರಾವಣದ ವಿಚಾರ. ಪ್ರತಿ ವರ್ಷ ಒಂದೇ ಜಾಗದಲ್ಲಿ ಬೆರೆಸಿ, ಉಳಿದದ್ದನ್ನು ಅಲ್ಲೇ ಚೆಲ್ಲಿದರೆ ಆ ತುಂಡು ನೆಲ ಗಣಿಯ ಮಣ್ಣಿನಂತಾಗುತ್ತದೆ. ಡ್ರಮ್ಮನ್ನು ಹಳ್ಳದಲ್ಲಿ ತೊಳೆಯಲೇಬಾರದು. ಮೀನಿಗೆ, ಗೊದಮೊಟ್ಟೆಗೆ, ನೀರಿನ ಪಾಚಿಗೆ ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ಮಾರಕ.

ಐದನೆಯದು ಪರಸ್ಪರ ವಿರೋಧದ ಕೆಲಸಗಳನ್ನು ಬಿಡುವುದು. ಸೊರಗು ರೋಗದ ಭಯದಿಂದ ಮೆಣಸಿನ ಬುಡಕ್ಕೆ ಬೇವಿನ ಹಿಂಡಿಯೊಂದಿಗೆ ಟ್ರೈಕೋಡರ್ಮಾ ಹಾಕಿ, ಅದರ ಬೆನ್ನಿಗೇ ಕಾಪರ್ ಆಕ್ಸಿಕ್ಲೋರೈಡ್ ಎರೆಯುವುದು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದಂತೆ. ಎರಡರ ನಡುವೆ ಸಾಕಷ್ಟು ದಿನಗಳ ಅಂತರವಿರಬೇಕು.

ಆರನೆಯದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ತೋಟಕ್ಕೆ ಸೊಪ್ಪು, ದರಕು, ಕೊಟ್ಟಿಗೆ ಗೊಬ್ಬರ ಹಾಕುವ ಪದ್ಧತಿ ತಾಮ್ರವನ್ನು ಹಿಡಿದಿಡುವ ಸಾವಯವ ಅಂಶವನ್ನು ಕಟ್ಟುತ್ತದೆ, ಜೀವಾಣುಗಳಿಗೆ ಅನ್ನ ಹಾಕುತ್ತದೆ. ಪರೀಕ್ಷೆಯಲ್ಲಿ ಮಣ್ಣು ಹುಳಿಯೆಂದು ಕಂಡಲ್ಲಿ ಸೂಚಿಸಿದಷ್ಟು ಸುಣ್ಣ ಕೊಟ್ಟರೆ ಬಿಡಿ ತಾಮ್ರ ತಗ್ಗುತ್ತದೆ. ಆದರೆ ಈ ಹಿಡಿತ ಶಾಶ್ವತವಲ್ಲ. ಸೊಪ್ಪು ನಿಂತು ಸಾವಯವ ಅಂಶ ಕರಗಿದರೆ, ಮಣ್ಣು ಮತ್ತೆ ಹುಳಿಯೇರಿದರೆ, ಕಟ್ಟಿಹಾಕಿದ ತಾಮ್ರ ಬಿಚ್ಚಿಕೊಳ್ಳುತ್ತದೆ. ಬೆಟ್ಟ ಬೋಳಾದರೆ ತೋಟ ಗೊಬ್ಬರವನ್ನಷ್ಟೇ ಕಳೆದುಕೊಳ್ಳುವುದಿಲ್ಲ, ತನ್ನ ಮಣ್ಣಿನ ಕಾವಲನ್ನೂ ಕಳೆದುಕೊಳ್ಳುತ್ತದೆ. ಬೆಟ್ಟದ ಕಾಡನ್ನು ಉಳಿಸಬೇಕೆಂಬ ಮಾತಿಗೆ ಇದೂ ಒಂದು ಕಾರಣ.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ಇದನ್ನೆಲ್ಲ ನಂಬಬೇಕಾಗಿಲ್ಲ, ನೋಡಬಹುದು. ನಾಲ್ಕು ಹಳೆಯ ಡಬ್ಬಿಗಳ ತಳಕ್ಕೆ ತೂತು ಮಾಡಿ, ಎರಡಕ್ಕೆ ಬೆಟ್ಟದ ಮಣ್ಣು, ಎರಡಕ್ಕೆ ಹಳೆಯ ತೋಟದ ಮೇಲ್ಮಣ್ಣು ತುಂಬಬೇಕು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಚಿಟಿಕೆ ಸುಣ್ಣ ಬೆರೆಸಬೇಕು. ಏಕೆಂದರೆ ಬರಿಯ ಹುಳಿಯಿಂದಲೂ ಗಂಟು ಕೆಡುತ್ತದೆ, ಆ ದೋಷವನ್ನು ತಾಮ್ರದ ತಲೆಗೆ ಕಟ್ಟಬಾರದು. ನಾಲ್ಕರಲ್ಲೂ ಅಲಸಂದೆ ಬಿತ್ತಿ, ಸುಮಾರು ನಲವತ್ತು ದಿನಗಳ ನಂತರ ಬೇರು ಮುರಿಯದಂತೆ ಕಿತ್ತು ತೊಳೆದು ಗಂಟುಗಳನ್ನು ಎಣಿಸಬೇಕು. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಇದ್ದರೆ ಅದು ಸಾರಜನಕ ಹಿಡಿಯುತ್ತಿದೆ, ಬಿಳಿಚಿದ್ದರೆ ಇಲ್ಲ. ಜೊತೆಗೆ ತೋಟದಲ್ಲೂ ಬೆಟ್ಟದಲ್ಲೂ ಒಂದಡಿ ಚೌಕ, ಒಂದಡಿ ಆಳ ಅಗೆದು ಎರೆಹುಳುಗಳನ್ನು ಎಣಿಸಬಹುದು. ಹತ್ತಿ ಬಟ್ಟೆಯ ಒಂದೇ ಅಳತೆಯ ತುಂಡುಗಳನ್ನು ಎರಡೂ ಕಡೆ ಹೂತಿಟ್ಟು, ಎರಡು ತಿಂಗಳ ಮೇಲೆ ತೆಗೆದು ಯಾವುದು ಹೆಚ್ಚು ಕೊಳೆತಿದೆ ಎಂದು ನೋಡಬಹುದು. ಒಂದು ಡಬ್ಬಿಯ ಫಲಿತಾಂಶದಿಂದ ಊರಿನ ಮಣ್ಣಿನ ಬಗ್ಗೆ ತೀರ್ಮಾನಿಸಲಾಗದು. ಹತ್ತು ಮನೆಗಳ ಮಕ್ಕಳು ಹತ್ತು ತೋಟಗಳಲ್ಲಿ ಮಾಡಿ, ಮನೆಯ ಮೈಲುತುತ್ತದ ಲೆಕ್ಕವನ್ನೂ ಮಣ್ಣು ಪರೀಕ್ಷೆಯ ಚೀಟಿಯನ್ನೂ ಪಕ್ಕದಲ್ಲಿಟ್ಟರೆ ಆಗ ಊರಿಗೇ ಒಂದು ದಾಖಲೆ ಸಿಗುತ್ತದೆ.

ಕೊಳೆರೋಗವನ್ನು ಗೆದ್ದ ತಲೆಮಾರು ತನ್ನ ಕಾಲದ ತಿಳುವಳಿಕೆಗೆ ತಕ್ಕಂತೆ ನಡೆದುಕೊಂಡಿತು. ಆ ಗೆಲುವಿನ ಉಳಿಕೆ ಮರದ ಬುಡದಲ್ಲಿ ಕುಳಿತಿದೆ ಎಂಬ ತಿಳುವಳಿಕೆ ಈಗಿನವರಿಗೆ ಬಂದಿದೆ. ಕೊಳೆ ತರುವ ಜೀವಿಯನ್ನು ಕೊಲ್ಲಲು ಬಳಸಿದ ಲೋಹಕ್ಕೆ ಎಲೆಯನ್ನು ಕೊಳೆಸಿ ಅನ್ನ ಕೊಡುವ ಜೀವಿಯ ಗುರುತು ಇರುವುದಿಲ್ಲ. ಆ ಗುರುತನ್ನು ಇಟ್ಟುಕೊಳ್ಳಬೇಕಾದವನು ಪಂಪು ಹಿಡಿದ ಮನುಷ್ಯ. ಈ ಮಳೆಗಾಲದ ಮೊದಲ ಚೀಲ ಮೈಲುತುತ್ತ ಮನೆಗೆ ಬಂದಾಗ ಅದರ ತೂಕವನ್ನು ಪುಸ್ತಕದಲ್ಲಿ ಬರೆದಿಟ್ಟರೆ ಆರಂಭಕ್ಕೆ ಅಷ್ಟು ಸಾಕು.